ಸೋಲಿಲ್ಲ, ಸಮವಿಲ್ಲ, ಕರೆಯೂ ಇಲ್ಲ: 1951ರ ಸ್ಯಾನ್ ಫ್ರಾನ್ಸಿಸ್ಕೊ ಡಾನ್ಸ್ ತಂಡದ ಪ್ರಕರಣ

1951ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಒಂಬತ್ತು ಪಂದ್ಯ ಆಡಿತು. 'ಡಾನ್ಸ್' ಅನ್ನೋದು ಆ ತಂಡದ ಹೆಸರು, ಕುಣಿತವಲ್ಲ. ಒಂಬತ್ತನ್ನೂ ಗೆದ್ದಿತು. ಆದರೂ ಹೊಸ ವರ್ಷದ ದೊಡ್ಡ ಪಂದ್ಯಗಳಿಗೆ ಯಾರೂ ಅವರನ್ನು ಕರೆಯಲಿಲ್ಲ. ಡಿಸೆಂಬರ್ ಮುಗಿಯುವಷ್ಟರಲ್ಲಿ ಕಾಲೇಜು ಆ ತಂಡವನ್ನೇ ಮುಚ್ಚಿಬಿಟ್ಟಿತು.

ಈ ಕಥೆಯನ್ನು ಹೇಳುವವರೆಲ್ಲ ಹೆಚ್ಚುಕಡಿಮೆ ಒಂದೇ ಥರ ಹೇಳುತ್ತಾರೆ. ತಂಡದಲ್ಲಿ ಇಬ್ಬರು ಕಪ್ಪು ಆಟಗಾರರಿದ್ದರು. ಅವರನ್ನು ಮನೆಯಲ್ಲಿ ಬಿಟ್ಟು ಬನ್ನಿ ಅಂದರು. ಹುಡುಗರು ಒಪ್ಪಲಿಲ್ಲ. ಆ ಒಂದು ಮಾತಿಗೆ ಫುಟ್‌ಬಾಲನ್ನೇ ಕಳೆದುಕೊಂಡರು. ಇದರಲ್ಲಿ ಮೊದಲ ಮೂರು ಮಾತಿಗೆ ನನ್ನ ತಕರಾರಿಲ್ಲ. ಕೊನೆಯದನ್ನು ಮಾತ್ರ ಅಷ್ಟು ಸಲೀಸಾಗಿ ಒಪ್ಪಲು ಆಗುವುದಿಲ್ಲ. ಯಾಕೆ ಅನ್ನೋದಕ್ಕೆ ಇಡೀ ಸೀಸನ್ನನ್ನೇ ಒಮ್ಮೆ ನೋಡಬೇಕು.

ಆಟದ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಮೊಟ್ಟೆಯಾಕಾರದ ಚೆಂಡನ್ನು ಎದೆಗೆ ಅವಚಿಕೊಂಡು ಓಡುವ ಅಮೆರಿಕನ್ ಫುಟ್‌ಬಾಲ್. ಎದುರಾಳಿಯ ಗೆರೆ ದಾಟಿದರೆ ಟಚ್‌ಡೌನ್, ಅದಕ್ಕೆ ಆರು ಅಂಕ. ಎಷ್ಟು ಗಜ ಓಡಿದರು ಅನ್ನೋದು ಆಟಗಾರನ ಅಳತೆ. ಇಷ್ಟು ಗೊತ್ತಿದ್ದರೆ ಸಾಕು.

ಕಾಲೇಜು ದೊಡ್ಡದಲ್ಲ. ಜೆಸ್ಯೂಟ್ ಪಾದ್ರಿಗಳು 1855ರಲ್ಲಿ ಶುರು ಮಾಡಿದ್ದು. ಮಂಗಳೂರಿನ ಸೇಂಟ್ ಅಲೋಶಿಯಸ್, ಬೆಂಗಳೂರಿನ ಸೇಂಟ್ ಜೋಸೆಫ್ ನಡೆಸುತ್ತಿರುವುದೂ ಅದೇ ಸಂಘ. ಆಗ ಅದು ಬಹುತೇಕ ಗಂಡು ಹುಡುಗರ ಕಾಲೇಜು. ಹೆಚ್ಚಿನವರು ಅದೇ ಊರಿನ, ಸುತ್ತಮುತ್ತಲಿನ ದುಡಿಯುವ ಮನೆಗಳಿಂದ ಬಂದವರು. ಎರಡನೇ ಮಹಾಯುದ್ಧ ಮುಗಿಸಿ ಬಂದ ಸೈನಿಕರಿಗೆ ಸರ್ಕಾರ ಓದಿಸುತ್ತಿದ್ದ ಕಾಲ ಅದು. ಹಾಗಾಗಿ ತರಗತಿಯಲ್ಲಿ ಹದಿನೆಂಟರ ಹುಡುಗರ ಪಕ್ಕದಲ್ಲೇ ಯುದ್ಧ ಕಂಡವರೂ ಕೂತಿರುತ್ತಿದ್ದರು. ತಂಡದ ಜೀನೊ ಮಾರ್ಕೆಟಿ ಅಂಥವರಲ್ಲಿ ಒಬ್ಬರು. ಇಟಲಿಯಿಂದ ವಲಸೆ ಬಂದವರ ಮಗ. ಯುರೋಪಿನಲ್ಲಿ ಬಲ್ಜ್ ಕದನದಲ್ಲಿ ಕಾದಾಡಿ ಬಂದಿದ್ದರು.

ಆ ಇಬ್ಬರು ಕಪ್ಪು ಆಟಗಾರರು ಆಲಿ ಮ್ಯಾಟ್ಸನ್ ಮತ್ತು ಬರ್ಲ್ ಟೋಲರ್. ಮ್ಯಾಟ್ಸನ್ ಹುಟ್ಟಿದ್ದು ಟೆಕ್ಸಸ್‌ನ ಟ್ರಿನಿಟಿ ಎಂಬ ಸಣ್ಣ ಊರಿನಲ್ಲಿ. ಟೋಲರ್ ಟೆನೆಸಿಯ ಮೆಂಫಿಸ್‌ನವರು. ಅಂದರೆ ಇಬ್ಬರೂ ದಕ್ಷಿಣದವರೇ. ಬಸ್ಸು, ಶಾಲೆ, ಹೋಟೆಲ್ ಎಲ್ಲದರಲ್ಲೂ ಬಿಳಿಯರಿಗೊಂದು ಕಪ್ಪು ಜನರಿಗೊಂದು ಅಂತ ಕಾನೂನೇ ಇದ್ದ ಸೀಮೆ ಅದು. ಇಬ್ಬರೂ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದು, ಅಲ್ಲಿನ ಸಿಟಿ ಕಾಲೇಜಿನಲ್ಲಿ ಒಟ್ಟಿಗೆ ಆಡಿ, ಆಮೇಲೆ ಈ ಕಾಲೇಜು ಸೇರಿದ್ದರು.

ಕೋಚ್ ಜೋ ಕುಹಾರಿಚ್ ನೊಟ್ರೆ ಡೇಮ್ ಕಾಲೇಜಿನಲ್ಲಿ ಆಡಿ ಬಂದವರು. ದಾಳಿ ನಡೆಸಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಎಡ್ ಬ್ರೌನ್. ಬಾಬ್ ಸೇಂಟ್ ಕ್ಲೇರ್ ಅಂತ ಒಬ್ಬರಿದ್ದರು. ಆರು ಅಡಿ ಒಂಬತ್ತು ಇಂಚು ಎತ್ತರ, ಮಾಂಸವನ್ನು ಹಸಿಯಾಗೇ ತಿನ್ನುತ್ತಿದ್ದರು. ಎದುರಾಳಿಗಳಿಗೆ ಊಟದ ಮೇಜಿನಲ್ಲೇ ಅರ್ಧ ಜೀವ ಹೋಗಿರಬೇಕು! ತಂಡದ ಪ್ರಚಾರದ ಕೆಲಸ ನೋಡಿಕೊಳ್ಳುತ್ತಿದ್ದವರು ಪೀಟ್ ರೊಜೆಲ್ ಎಂಬ ಇಪ್ಪತ್ತೈದರ ಯುವಕ. ಈ ಹೆಸರು ನೆನಪಿಟ್ಟುಕೊಳ್ಳಿ.

ಸೀಸನ್ನಿನ ಎಲ್ಲ ಪಂದ್ಯಗಳನ್ನೂ ಇಲ್ಲಿ ಬಿಡಿಸಿ ಹೇಳುವುದಿಲ್ಲ. ಕೆಲವು ಏಕಪಕ್ಷೀಯವಾಗಿದ್ದವು, ಸುಮ್ನೆ ಅಂಕ ಎಣಿಸಿದಂತೆ ಆಗುತ್ತದೆ. ಎರಡು ಪಂದ್ಯ ಮಾತ್ರ ಮುಖ್ಯ.

ಮೊದಲನೆಯದು ಅಕ್ಟೋಬರ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಫೋರ್ಡಮ್ ಕಾಲೇಜಿನ ವಿರುದ್ಧ ನಡೆದದ್ದು. ಪಶ್ಚಿಮ ಕರಾವಳಿಯ ಸಣ್ಣ ಕಾಲೇಜೊಂದರ ಆಟವನ್ನು ಪೂರ್ವದ ಪತ್ರಿಕೆಯವರು ನೋಡುತ್ತಲೇ ಇರಲಿಲ್ಲ. ಟಿ.ವಿ. ಇನ್ನೂ ಕಣ್ಣು ಬಿಡುತ್ತಿದ್ದ ಕಾಲ. ದೇಶದ ರ‍್ಯಾಂಕಿಂಗ್‌ಗೆ ಮತ ಹಾಕುವವರು ಪತ್ರಕರ್ತರು. ಹಾಗಾಗಿ ನ್ಯೂಯಾರ್ಕ್‌ಗೆ ಹೋಗಿ ಅವರ ಕಣ್ಣೆದುರು ಗೆಲ್ಲೋದು ಅಂದರೆ ಒಂದು ಪಂದ್ಯಕ್ಕಿಂತ ಜಾಸ್ತಿಯೇ. ಫೋರ್ಡಮ್ ಸುಲಭಕ್ಕೆ ಬಗ್ಗಲಿಲ್ಲ. ಕೊನೆಗೆ 32-26. ಆ ದಿನ ಮ್ಯಾಟ್ಸನ್ ಎದುರಾಳಿ ಒದ್ದ ಚೆಂಡನ್ನು ಹಿಡಿದು ಒಮ್ಮೆ 94 ಗಜ, ಇನ್ನೊಮ್ಮೆ 90 ಗಜ ಓಡಿ ಎರಡು ಟಚ್‌ಡೌನ್ ಮಾಡಿದರು. ಮೈದಾನದ ಉದ್ದವೇ ನೂರು ಗಜ. ಅಂದರೆ ಹೆಚ್ಚುಕಡಿಮೆ ಇಡೀ ಮೈದಾನವನ್ನು ಎರಡು ಸಲ ಸೀಳಿಕೊಂಡು ಹೋದ ಹಾಗೆ.

ಅದೇ ಅಕ್ಟೋಬರ್‌ನಲ್ಲಿ ಓಕ್ಲಹೋಮಾದಲ್ಲಿ ಇನ್ನೊಂದು ಘಟನೆ ನಡೆಯಿತು. ಡ್ರೇಕ್ ಕಾಲೇಜಿನ ಕಪ್ಪು ಆಟಗಾರ ಜಾನಿ ಬ್ರೈಟ್ ಅವರ ದವಡೆಯನ್ನು ಎದುರಾಳಿ ತಂಡದವನೊಬ್ಬ ಬೇಕಂತಲೇ ಗುದ್ದಿ ಮುರಿದ. ಆಗ ಚೆಂಡು ಬ್ರೈಟ್ ಕೈಯಲ್ಲೇ ಇರಲಿಲ್ಲ. ಫೋಟೊಗಳು ಸಾಲಾಗಿ ಪತ್ರಿಕೆಯಲ್ಲಿ ಬಂದವು, ಮರುವರ್ಷ ಅವಕ್ಕೆ ಪತ್ರಿಕೋದ್ಯಮದ ಪುಲಿಟ್ಜರ್ ಪ್ರಶಸ್ತಿ ಸಿಕ್ಕಿತು. ಕಪ್ಪು ಹುಡುಗನೊಬ್ಬ ದಕ್ಷಿಣದ ಕಡೆ ಆಡಲು ಹೋದರೆ ಏನಾಗಬಹುದು ಅನ್ನೋದು ಆ ವರ್ಷ ಯಾರಿಗೂ ಗುಟ್ಟಾಗಿರಲಿಲ್ಲ.

ಎರಡನೆಯ ಮುಖ್ಯ ಪಂದ್ಯ ನವೆಂಬರ್‌ನಲ್ಲಿ, ಸ್ಟಾಕ್ಟನ್‌ನಲ್ಲಿ, ಕಾಲೇಜ್ ಆಫ್ ದ ಪೆಸಿಫಿಕ್ ವಿರುದ್ಧ. ಗೆದ್ದವರಿಗೆ ದೊಡ್ಡ ಪಂದ್ಯಕ್ಕೆ ಕರೆ ಬರುತ್ತದೆ ಅಂತ ಎಲ್ಲರ ಲೆಕ್ಕ. ಡಾನ್ಸ್ 47-14ರಲ್ಲಿ ಗೆದ್ದರು. ಅದರ ಮುಂದಿನ ವಾರ ಪ್ಯಾಸಡೀನಾದಲ್ಲಿ ಲೊಯೊಲಾ ವಿರುದ್ಧ 20-2. ಅಲ್ಲಿಗೆ ಸೀಸನ್ ಮುಗಿಯಿತು. ಮ್ಯಾಟ್ಸನ್ ಒಂಬತ್ತು ಪಂದ್ಯದಲ್ಲಿ 1,566 ಗಜ ಓಡಿ, 21 ಟಚ್‌ಡೌನ್ ಮಾಡಿ ಇಡೀ ದೇಶಕ್ಕೇ ಮೊದಲಿಗರಾಗಿದ್ದರು. ಪಂದ್ಯಕ್ಕೆ 174 ಗಜ ಬಿತ್ತು. ಇಷ್ಟಾದರೂ ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಹೈಸ್‌ಮನ್ ಪ್ರಶಸ್ತಿಯ ಮತಗಳಲ್ಲಿ ಅವರಿಗೆ ಒಂಬತ್ತನೇ ಸ್ಥಾನ. ತಂಡಕ್ಕೆ ಪತ್ರಕರ್ತರು ಮತ ಹಾಕುವ ಎ.ಪಿ. ಸುದ್ದಿಸಂಸ್ಥೆಯ ಪಟ್ಟಿಯಲ್ಲಿ 14ನೇ ಸ್ಥಾನ.

ಈಗ ಬೌಲ್ ಅನ್ನೋ ವ್ಯವಸ್ಥೆಗೆ ಬರೋಣ. ಇಡೀ ಪ್ರಕರಣದ ಗಂಟು ಇರುವುದು ಇಲ್ಲೇ.

ಆಗ ಕಾಲೇಜು ಫುಟ್‌ಬಾಲ್‌ಗೆ ಸೆಮಿಫೈನಲ್, ಫೈನಲ್ ಅಂತ ಇರಲಿಲ್ಲ. ಹೊಸ ವರ್ಷದ ಹೊತ್ತಿಗೆ ಕೆಲವು ಊರುಗಳಲ್ಲಿ ಬೌಲ್ ಎಂಬ ವಿಶೇಷ ಪಂದ್ಯ ನಡೆಯುತ್ತಿತ್ತು. ಮಯಾಮಿಯಲ್ಲಿ ಆರೆಂಜ್ ಬೌಲ್, ನ್ಯೂ ಆರ್ಲಿಯನ್ಸ್‌ನಲ್ಲಿ ಶುಗರ್ ಬೌಲ್, ಡಲ್ಲಾಸ್‌ನಲ್ಲಿ ಕಾಟನ್ ಬೌಲ್, ಜಾಕ್ಸನ್‌ವಿಲ್‌ನಲ್ಲಿ ಗೇಟರ್ ಬೌಲ್, ಎಲ್ ಪಾಸೊದಲ್ಲಿ ಸನ್ ಬೌಲ್. ಇದನ್ನು ನಡೆಸುತ್ತಿದ್ದದ್ದು ಆಯಾ ಊರಿನ ವ್ಯಾಪಾರಸ್ಥರು, ಗಣ್ಯರ ಸಮಿತಿ. ಚಳಿಗಾಲದಲ್ಲಿ ಊರಿಗೆ ಪ್ರವಾಸಿಗರು ಬರಲಿ, ಹೋಟೆಲ್‌ಗಳು ತುಂಬಲಿ ಅನ್ನೋದೇ ಮೂಲ ಉದ್ದೇಶ. ಯಾವ ತಂಡವನ್ನು ಕರೆಯಬೇಕು ಅನ್ನೋದು ಸಮಿತಿಯ ಇಷ್ಟ. ಚೆನ್ನಾಗಿ ಆಡಿದವರನ್ನೇ ಕರೆಯಬೇಕು ಅಂತ ಎಲ್ಲೂ ಬರೆದಿರಲಿಲ್ಲ.

ಇವೆಲ್ಲ ದಕ್ಷಿಣದ ಊರುಗಳು ಅನ್ನೋದನ್ನು ಗಮನಿಸಿ. ಕ್ಯಾಲಿಫೋರ್ನಿಯಾದಲ್ಲೇ ರೋಸ್ ಬೌಲ್ ಇತ್ತಲ್ವಾ ಅಂತ ನೀವು ಕೇಳಬಹುದು. ಇತ್ತು. ಆದರೆ ಅದನ್ನು ಎರಡು ಗುಂಪುಗಳು ಒಪ್ಪಂದ ಮಾಡಿ ಹಂಚಿಕೊಂಡಿದ್ದವು. ಒಂದು ಕಡೆ ಪೆಸಿಫಿಕ್ ಕೋಸ್ಟ್ ಕಾನ್ಫರೆನ್ಸ್, ಇನ್ನೊಂದು ಕಡೆ ಬಿಗ್ ಟೆನ್. 1952ರ ಜನವರಿಯಲ್ಲಿ ಅಲ್ಲಿ ಆಡಿದ್ದು ಸ್ಟ್ಯಾನ್‌ಫರ್ಡ್ ಮತ್ತು ಇಲಿನಾಯ್. ಡಾನ್ಸ್ ಯಾವ ಗುಂಪಿಗೂ ಸೇರಿರಲಿಲ್ಲ. ಅವರು ಎಷ್ಟೇ ಗೆದ್ದರೂ ಸ್ವಂತ ರಾಜ್ಯದ ಬಾಗಿಲು ಕಾಗದದ ಮೇಲೇ ಮುಚ್ಚಿತ್ತು. ಇದಕ್ಕೂ ಬಣ್ಣಕ್ಕೂ ಸಂಬಂಧವಿಲ್ಲ. ಆದರೆ ಇದರಿಂದಾಗಿ ಅವರ ಮುಂದೆ ಉಳಿದದ್ದು ದಕ್ಷಿಣದ ಬಾಗಿಲುಗಳು ಮಾತ್ರ. ಅಲ್ಲಿ ಬಣ್ಣದ ಸಂಬಂಧ ಚೆನ್ನಾಗಿಯೇ ಇತ್ತು.

ಕಪ್ಪು ಆಟಗಾರರಿರುವ ತಂಡ ದಕ್ಷಿಣಕ್ಕೆ ಬಂದರೆ ಅವರನ್ನು ಹೊರಗೆ ಕೂರಿಸಬೇಕು ಅನ್ನೋದು ಆಗಿನ ಒಳ ಒಪ್ಪಂದ. ಕಾಗದವಿಲ್ಲ, ಸಹಿಯಿಲ್ಲ. ಮರ್ಯಾದಸ್ಥರ ನಡುವಿನ ಮಾತು ಅಂತ ಅದಕ್ಕೆ ಹೆಸರು ಬೇರೆ! ಉತ್ತರದ ಕಾಲೇಜುಗಳು ದಶಕಗಳ ಕಾಲ ಇದಕ್ಕೆ ತಲೆ ಬಾಗಿದವು.

ಸಂದರ್ಶನಗಳಲ್ಲಿ ಡಾನ್ಸ್ ಆಟಗಾರರು ಮತ್ತೆ ಮತ್ತೆ ಹೇಳಿದ್ದು ಇದನ್ನೇ. ಆ ಇಬ್ಬರನ್ನು ಬಿಟ್ಟು ಬಂದರೆ ಬೌಲ್ ಸಿಗುತ್ತದೆ ಅನ್ನೋ ಮಾತು ತಂಡದವರೆಗೂ ಬಂತು. ತಂಡ ಆಗೋದಿಲ್ಲ ಅಂತ ಹೇಳಿತು. ಮತಕ್ಕೆ ಹಾಕುವ ಪ್ರಶ್ನೆಯೇ ಬರಲಿಲ್ಲ ಎಂದು ನೆನೆಸಿಕೊಂಡವರಿದ್ದಾರೆ. ಯಾವ ದಿನ, ಯಾರ ಬಾಯಿಂದ ಅನ್ನೋದರಲ್ಲಿ ನೆನಪುಗಳು ಒಂದಕ್ಕೊಂದು ಕೂಡುವುದಿಲ್ಲ. ಕೂಡದಿದ್ದರೆ ಆಶ್ಚರ್ಯವಿಲ್ಲ. ಅವರಲ್ಲಿ ಹೆಚ್ಚಿನವರು ಇದನ್ನು ಬಾಯಿಬಿಟ್ಟು ಹೇಳಿದ್ದು ದಶಕಗಳು ಕಳೆದ ಮೇಲೆ. ಸಮಿತಿಗಳೂ ಇಂಥ ಶರತ್ತನ್ನು ಪತ್ರದಲ್ಲಿ ಬರೆದು ಕಳಿಸುವಷ್ಟು ದಡ್ಡರಾಗಿರಲಿಲ್ಲ. ಆದರೆ ಬೌಲ್‌ನವರಿಗೆ ಕಪ್ಪು ಆಟಗಾರರಿರುವ ತಂಡ ಬೇಡವಂತೆ ಅನ್ನೋ ಮಾತು 1951ರಲ್ಲೇ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಓಡಾಡುತ್ತಿತ್ತು. ಹಾಗಾಗಿ ಇದು ಆಮೇಲೆ ಕಟ್ಟಿದ ಕಥೆ ಅನ್ನಲು ಬರುವುದಿಲ್ಲ.

ಇದಕ್ಕೆ ಎದುರು ವಾದವೂ ಇದೆ. ಡಾನ್ಸ್ ಆಡಿದ ತಂಡಗಳಲ್ಲಿ ಬಲಿಷ್ಠವಾದವು ಕಡಿಮೆ. ಸ್ಯಾನ್ ಹೋಸೆ ಸ್ಟೇಟ್ ವಿರುದ್ಧ ಒಂದೇ ಸೀಸನ್ನಿನಲ್ಲಿ ಎರಡು ಸಲ ಆಡಿದರು. ಸೇನಾ ನೆಲೆಗಳ ತಂಡಗಳೂ ಪಟ್ಟಿಯಲ್ಲಿದ್ದವು. ಇಂಥ ತಂಡವನ್ನು ಕರೆಯದಿದ್ದರೆ ಅದಕ್ಕೆ ಜನಾಂಗವೇ ಕಾರಣ ಆಗಬೇಕಿಲ್ಲ ಅನ್ನುವುದು ವಾದ. ತೀರಾ ತಳ್ಳಿಹಾಕುವಂಥದ್ದಲ್ಲ. 14ನೇ ರ‍್ಯಾಂಕಿಗೆ ಕಾರಣವೂ ಬಹುಶಃ ಇದೇ. ಆದರೆ ಅದರ ಇನ್ನೊಂದು ಮಗ್ಗುಲು ನೋಡಿ. ದೊಡ್ಡ ಕಾಲೇಜುಗಳಿಗೆ ಇವರ ಜೊತೆ ಆಡುವುದರಲ್ಲಿ ಲಾಭವೇನೂ ಇರಲಿಲ್ಲ. ಗೆದ್ದರೆ ಸಣ್ಣ ಕಾಲೇಜನ್ನು ಗೆದ್ದ ಹಾಗೆ, ಸೋತರೆ ಮಾನ ಹೋಯಿತು. ಪಕ್ಕದಲ್ಲೇ ಇದ್ದ ಸ್ಟ್ಯಾನ್‌ಫರ್ಡ್, ಬರ್ಕ್ಲಿ ಎರಡೂ ಆ ವರ್ಷ ಇವರ ವಿರುದ್ಧ ಆಡಲಿಲ್ಲ.

ಮತ್ತೆ, ಡಾನ್ಸ್ ಕೈಲಿ 47-14ರಲ್ಲಿ ಸೋತ ಪೆಸಿಫಿಕ್ ತಂಡಕ್ಕೆ ಸನ್ ಬೌಲ್‌ನಿಂದ ಕರೆ ಬಂತು! ಹೋಗಿ ಟೆಕ್ಸಸ್ ಟೆಕ್ ವಿರುದ್ಧ 25-14ರಲ್ಲಿ ಸೋತು ಬಂದರು. ಇದನ್ನು ಕೇಳಿದ ಕೂಡಲೇ ರಕ್ತ ಕುದಿಯುತ್ತದೆ. ಆದರೆ ಪೆಸಿಫಿಕ್ ತಂಡದಲ್ಲೂ ಎಡ್ಡಿ ಮೇಕನ್ ಎಂಬ ಕಪ್ಪು ಆಟಗಾರರಿದ್ದರು. ಎಲ್ ಪಾಸೊ ಟೆಕ್ಸಸ್‌ನ ಪಶ್ಚಿಮದ ತುತ್ತತುದಿ. ಡಲ್ಲಾಸ್‌ನ ಕಾಟನ್ ಬೌಲ್‌ನಲ್ಲೂ 1948ರಲ್ಲೇ ಪೆನ್ ಸ್ಟೇಟ್ ತಂಡದ ಇಬ್ಬರು ಕಪ್ಪು ಆಟಗಾರರು ಆಡಿದ್ದರು. ಹಾಗಾಗಿ 'ದಕ್ಷಿಣ' ಅಂತ ಒಂದೇ ಗೋಣಿಗೆ ತುಂಬುವುದು ಸರಿಯಲ್ಲ. ಟೆಕ್ಸಸ್‌ನಲ್ಲಿ ಬಿರುಕು ಬಿಟ್ಟಿತ್ತು. ಫ್ಲೋರಿಡಾ, ಲೂಯಿಸಿಯಾನಾ ಬಿಗಿಯಾಗೇ ಇದ್ದವು. ಆ ಸಲ ಆರೆಂಜ್ ಬೌಲ್‌ನಲ್ಲಿ ಆಡಿದ್ದು ಜಾರ್ಜಿಯಾ ಟೆಕ್ ಮತ್ತು ಬೇಲರ್. ಗೇಟರ್ ಬೌಲ್‌ನಲ್ಲಿ ಮಯಾಮಿ ಮತ್ತು ಕ್ಲೆಮ್ಸನ್. ನಾಲ್ಕೂ ದಕ್ಷಿಣದ ಕಾಲೇಜುಗಳು. ಶುಗರ್ ಬೌಲ್‌ನಲ್ಲಿ ಪಿಟ್ಸ್‌ಬರ್ಗ್‌ನ ಬಾಬಿ ಗ್ರಿಯರ್ ಎಂಬ ಕಪ್ಪು ಆಟಗಾರ ಆಡಿದ್ದು 1956ರಲ್ಲಿ. ಆಗಲೂ ಜಾರ್ಜಿಯಾದ ಗವರ್ನರ್ ತಮ್ಮ ರಾಜ್ಯದ ತಂಡ ಆಡಲೇಕೂಡದು ಅಂತ ಹಟ ಹಿಡಿದಿದ್ದರು. ಅದೇ ವರ್ಷ ಲೂಯಿಸಿಯಾನಾ ಬಿಳಿಯರು ಮತ್ತು ಕಪ್ಪು ಜನ ಒಟ್ಟಿಗೆ ಆಡುವುದನ್ನೇ ನಿಷೇಧಿಸುವ ಕಾನೂನು ತಂದಿತು.

ಡಾನ್ಸ್ ಹೇಳಿದ 'ಆಗೋದಿಲ್ಲ' ಎಷ್ಟು ದೊಡ್ಡದು ಅಂತ ಅಳೆಯಲು ಬಾಸ್ಟನ್ ಕಾಲೇಜಿನ ಉದಾಹರಣೆ ನೋಡಬೇಕು. ಅದೂ ಜೆಸ್ಯೂಟರದ್ದೇ. ಹನ್ನೊಂದು-ಹನ್ನೆರಡು ವರ್ಷ ಮೊದಲು ಅವರಿಗೂ ಇದೇ ಪರೀಕ್ಷೆ ಎದುರಾಗಿತ್ತು. ಅವರ ತಂಡದಲ್ಲಿ ಲೂ ಮಾಂಟ್‌ಗಮರಿ ಎಂಬ ಒಳ್ಳೆಯ ಕಪ್ಪು ಓಟಗಾರರಿದ್ದರು. 1940ರ ಕಾಟನ್ ಬೌಲ್‌ಗೆ ಕರೆ ಬಂತು. ಮಾಂಟ್‌ಗಮರಿ ಇಲ್ಲದೆ ಹೋದರು, ಕ್ಲೆಮ್ಸನ್‌ಗೆ 6-3ರಲ್ಲಿ ಸೋತರು. 1941ರಲ್ಲಿ ಶುಗರ್ ಬೌಲ್‌ನಿಂದ ಕರೆ. ಆಗಲೂ ಅವರನ್ನು ಆಡಿಸಲಿಲ್ಲ. ಟೆನೆಸಿಯನ್ನು 19-13ರಲ್ಲಿ ಸೋಲಿಸಿ, ಟ್ರೋಫಿ ಹಿಡಿದು ಬಂದರು. ಕಾಲೇಜಿನಲ್ಲಿ ಸಂಭ್ರಮವೋ ಸಂಭ್ರಮ. ಒಬ್ಬ ಹುಡುಗನನ್ನು ಬಿಟ್ಟದ್ದಕ್ಕೆ ಯಾರ ನಿದ್ದೆಯೂ ಕೆಡಲಿಲ್ಲ. ಅಂದರೆ, ಒಪ್ಪಿಕೊಳ್ಳುವುದೇ ಆಗಿನ ಮಾಮೂಲಿ. ಡಾನ್ಸ್ ಕೂಡ ಒಪ್ಪಿದ್ದರೆ 1952ರಲ್ಲಿ ಯಾರೂ ಬೆರಳು ತೋರಿಸುತ್ತಿರಲಿಲ್ಲ.

ಡಾನ್ಸ್ ಹುಡುಗರೇ ಮೊದಲಿಗರಲ್ಲ ಅನ್ನೋದನ್ನೂ ಹೇಳಬೇಕು. 1946ರಲ್ಲಿ ಪೆನ್ ಸ್ಟೇಟ್ ತಂಡ ಇದೇ ಕಾರಣಕ್ಕೆ ಮಯಾಮಿಯ ಪಂದ್ಯವನ್ನೇ ಬಿಟ್ಟಿತ್ತು. ಆದರೆ ಪೆನ್ ಸ್ಟೇಟ್‌ಗೆ ಮುಂದಿನ ವರ್ಷ ಇತ್ತು. ಡಾನ್ಸ್‌ಗೆ ಇರಲಿಲ್ಲ.

ಇಲ್ಲಿಂದ ದುಡ್ಡಿನ ವಿಷಯ. ನನ್ನ ತಕರಾರಿರುವುದೂ ಇಲ್ಲೇ.

ತಂಡ ನಡೆಸಲು ವಿದ್ಯಾರ್ಥಿವೇತನ, ಪ್ರಯಾಣ, ಕೋಚ್‌ಗಳ ಸಂಬಳ, ಸಲಕರಣೆ ಎಲ್ಲ ಬೇಕು. ಆಗ ನಿಯಮ ಬದಲಾಗಿ ದಾಳಿಗೊಂದು ಗುಂಪು, ರಕ್ಷಣೆಗೊಂದು ಗುಂಪು ಇಡುವ ಪದ್ಧತಿ ಬಂದಿತ್ತು. ಮ್ಯಾಟ್ಸನ್ ಥರದವರು ಎರಡೂ ಕಡೆ ಆಡುತ್ತಿದ್ದರು ನಿಜ. ಆದರೆ ಒಟ್ಟಾರೆ ಆಟಗಾರರ ಸಂಖ್ಯೆ ಜಾಸ್ತಿ, ಖರ್ಚೂ ಜಾಸ್ತಿ. ಆದಾಯ ಬರಬೇಕಾದ್ದು ಟಿಕೆಟ್‌ನಿಂದ. ಅಲ್ಲೇ ಪೆಟ್ಟು ಬಿದ್ದದ್ದು. ಡಾನ್ಸ್ ಆಡುತ್ತಿದ್ದ ಕೆಜಾರ್ ಕ್ರೀಡಾಂಗಣದಲ್ಲೇ 1946ರಿಂದ ಫಾರ್ಟಿನೈನರ್ಸ್ ಎಂಬ ವೃತ್ತಿಪರ ತಂಡವೂ ಆಡುತ್ತಿತ್ತು. 1950ರಲ್ಲಿ ಅದು ಎನ್‌ಎಫ್‌ಎಲ್ ಎಂಬ ವೃತ್ತಿಪರ ಲೀಗ್ ಸೇರಿತು. ಊರಿನವರು ಭಾನುವಾರ ದುಡ್ಡು ಕೊಟ್ಟು ಅದನ್ನು ನೋಡಿ ಬರುತ್ತಿದ್ದರು. ಜೊತೆಗೆ ಪಕ್ಕದಲ್ಲೇ ಸ್ಟ್ಯಾನ್‌ಫರ್ಡ್, ಬರ್ಕ್ಲಿ. ಒಂದೇ ಊರಿನ ಜನ ಎಷ್ಟು ತಂಡಕ್ಕೆ ಅಂತ ಟಿಕೆಟ್ ಕೊಳ್ಳುತ್ತಾರೆ?

ಉಳಿದ ಕ್ಯಾಥೊಲಿಕ್ ಕಾಲೇಜುಗಳನ್ನು ನೋಡಿದರೆ ಚಿತ್ರ ಇನ್ನೂ ಸ್ಪಷ್ಟವಾಗುತ್ತದೆ. ಕೊಲ್ಲಿಯ ಆಚೆ ದಂಡೆಯ ಸೇಂಟ್ ಮೇರೀಸ್ ಕಾಲೇಜು 1950ರ ಸೀಸನ್ ಮುಗಿದ ಮೇಲೆ ಫುಟ್‌ಬಾಲ್ ಬಿಟ್ಟಿತು. ವಾಷಿಂಗ್ಟನ್‌ನ ಜಾರ್ಜ್‌ಟೌನ್ ಕೂಡ ಆಗಲೇ. ಡಾನ್ಸ್ ಕೊನೆಯ ಪಂದ್ಯದಲ್ಲಿ ಸೋಲಿಸಿದ ಲೊಯೊಲಾ ಅದೇ 1951ರ ಕೊನೆಗೆ ಬಿಟ್ಟಿತು. ಸಾಂಟಾ ಕ್ಲಾರಾ 1952ರಲ್ಲಿ, ಫೋರ್ಡಮ್ 1954ರಲ್ಲಿ. ಇವರಲ್ಲಿ ಯಾರಿಗೂ ಆ ಶರತ್ತನ್ನು ನಿರಾಕರಿಸಿದ ಕಥೆಯಿಲ್ಲ. ಎಲ್ಲರದ್ದೂ ಒಂದೇ ಕಾಯಿಲೆ.

ಹಾಗಾದರೆ ಬೌಲ್ ದುಡ್ಡು ಸಿಕ್ಕಿದ್ದರೆ? ಆ ವರ್ಷದ ಸಾಲ ತೀರುತ್ತಿತ್ತು, ಇನ್ನೊಂದೆರಡು ಸೀಸನ್ ಎಳೆಯಬಹುದಿತ್ತು ಅನಿಸುತ್ತದೆ. ಆದರೆ ಮ್ಯಾಟ್ಸನ್, ಮಾರ್ಕೆಟಿ, ಟೋಲರ್ ಎಲ್ಲ ಹೇಗೂ ಓದು ಮುಗಿಸಿ ಹೊರಡುವವರೇ. ಅಂಥ ತಂಡ ಮತ್ತೆ ಕೂಡಿಬರುತ್ತಿರಲಿಲ್ಲ. ನಿರಾಕರಣೆಯಿಂದ ಫುಟ್‌ಬಾಲ್ ಸತ್ತಿತು ಅನ್ನುವುದಕ್ಕಿಂತ, ಸಾಯುತ್ತಿದ್ದದ್ದನ್ನು ಉಳಿಸಲು ಕೈಗೆ ಸಿಕ್ಕಿದ್ದ ಒಂದೇ ಔಷಧಿಯನ್ನು ಹುಡುಗರು ಬೇಡ ಅಂದರು ಅನ್ನಬಹುದು. ಹಾಗೆ ನೋಡಿದರೆ ಅವರ ನಿರ್ಧಾರದ ತೂಕ ಕಡಿಮೆಯಾಗುವುದಿಲ್ಲ. ಕಾಲೇಜು ನಷ್ಟದಲ್ಲಿದೆ ಅನ್ನೋದು ಅಲ್ಲಿ ಯಾರಿಗೂ ಗೊತ್ತಿಲ್ಲದ ವಿಷಯವಾಗಿರಲಿಲ್ಲ.

ಆ ತಂಡದಿಂದ ಒಂಬತ್ತು-ಹತ್ತು ಜನ ಎನ್‌ಎಫ್‌ಎಲ್‌ನಲ್ಲಿ ಆಡಿದರು. ಮ್ಯಾಟ್ಸನ್, ಮಾರ್ಕೆಟಿ, ಸೇಂಟ್ ಕ್ಲೇರ್ ಮೂವರೂ ವೃತ್ತಿಪರ ಫುಟ್‌ಬಾಲ್‌ನ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು. ಒಂದು ಸಣ್ಣ ಕಾಲೇಜಿನ ಒಂದೇ ತಂಡದಿಂದ ಮೂವರು! ಮ್ಯಾಟ್ಸನ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ಗೂ ಹೋಗಿ 400 ಮೀಟರ್‌ನಲ್ಲಿ ಕಂಚು, ರಿಲೇಯಲ್ಲಿ ಬೆಳ್ಳಿ ತಂದರು. ಪ್ರಚಾರದ ಹುಡುಗ ರೊಜೆಲ್ ಲಾಸ್ ಏಂಜಲೀಸ್ ರ‍್ಯಾಮ್ಸ್ ತಂಡದ ಮ್ಯಾನೇಜರ್ ಆದರು. 1959ರಲ್ಲಿ ಒಬ್ಬ ಮ್ಯಾಟ್ಸನ್‌ಗಾಗಿ ಒಂಬತ್ತು ಜನರನ್ನು ಬಿಟ್ಟುಕೊಟ್ಟು ಅವರನ್ನು ತಮ್ಮ ತಂಡಕ್ಕೆ ತಂದುಕೊಂಡರು. ಮರುವರ್ಷ ಇಡೀ ಎನ್‌ಎಫ್‌ಎಲ್‌ನ ಕಮಿಷನರ್ ಆದರು. ಅವರ ಹೆಸರೂ ಅದೇ ಹಾಲ್ ಆಫ್ ಫೇಮ್‌ನಲ್ಲಿದೆ.

ಟೋಲರ್ ದಾರಿ ಬೇರೆ. ಕ್ಲೀವ್‌ಲ್ಯಾಂಡ್ ಬ್ರೌನ್ಸ್ ಅವರನ್ನು ಆರಿಸಿಕೊಂಡಿತ್ತು. ಆದರೆ 1952ರ ಬೇಸಿಗೆಯಲ್ಲಿ ಶಿಕಾಗೊದಲ್ಲಿ ನಡೆದ ಕಾಲೇಜು ಆಲ್-ಸ್ಟಾರ್ ಪಂದ್ಯದಲ್ಲಿ ಮಂಡಿ ಹೋಯಿತು. ವೃತ್ತಿಪರರಾಗಿ ಒಂದು ಪಂದ್ಯವನ್ನೂ ಆಡಲಾಗಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದಲ್ಲೇ ಮೇಷ್ಟರಾದರು, ಆಮೇಲೆ ಹೆಡ್‌ಮಾಸ್ಟರ್. 1965ರಲ್ಲಿ ಎನ್‌ಎಫ್‌ಎಲ್‌ಗೆ ಅಂಪೈರಿಂಗ್ ತಂಡದವರಾಗಿ ಸೇರಿದರು. ಅಮೆರಿಕದ ದೊಡ್ಡ ವೃತ್ತಿಪರ ಲೀಗ್‌ಗಳಲ್ಲಿ ಆ ಕೆಲಸಕ್ಕೆ ಬಂದ ಮೊದಲ ಕಪ್ಪು ವ್ಯಕ್ತಿ ಅವರೇ. 1980ರ ಸೂಪರ್ ಬೌಲ್‌ನಲ್ಲೂ, ಅಂದರೆ ಎನ್‌ಎಫ್‌ಎಲ್ ಫೈನಲ್‌ನಲ್ಲೂ, ನಿಂತರು. ಅದು ನಡೆದದ್ದು ಪ್ಯಾಸಡೀನಾದಲ್ಲಿ. 1951ರಲ್ಲಿ ಲೊಯೊಲಾ ವಿರುದ್ಧ ಅವರು ಕೊನೆಯ ಕಾಲೇಜು ಪಂದ್ಯ ಆಡಿದ ಮೈದಾನವೂ ಅದೇ.

ಕಾಲೇಜು ಮಾತ್ರ ಈ ತಂಡವನ್ನು ನೆನಪಿಸಿಕೊಳ್ಳಲು ತುಂಬಾ ಸಮಯ ತೆಗೆದುಕೊಂಡಿತು. ದೊಡ್ಡ ಮಟ್ಟದ ಫುಟ್‌ಬಾಲ್ ಮತ್ತೆ ಅಲ್ಲಿಗೆ ಬರಲಿಲ್ಲ. 1955 ಮತ್ತು 1956ರಲ್ಲಿ ಬಿಲ್ ರಸೆಲ್, ಕೆ.ಸಿ. ಜೋನ್ಸ್ ಇದ್ದ ಬ್ಯಾಸ್ಕೆಟ್‌ಬಾಲ್ ತಂಡ ರಾಷ್ಟ್ರೀಯ ಚಾಂಪಿಯನ್ ಆಯಿತು. ಹೆಸರೆಲ್ಲ ಆ ಕಡೆ ಹೋಯಿತು. 1951ರ ತಂಡದಲ್ಲಿ ಉಳಿದವರಿಗೆ ಗೌರವ ಡಾಕ್ಟರೇಟ್ ಕೊಟ್ಟದ್ದು 2006ರಲ್ಲಿ. ಅಷ್ಟೊತ್ತಿಗೆ ಅವರೆಲ್ಲ ಮುದುಕರು. ಟೋಲರ್ 2009ರಲ್ಲಿ, ಮ್ಯಾಟ್ಸನ್ 2011ರಲ್ಲಿ ತೀರಿಕೊಂಡರು.

ಕ್ಯಾಂಪಸ್ಸಿನಲ್ಲಿ ಜೇಮ್ಸ್ ಫೀಲನ್ ಹೆಸರಿನ ಒಂದು ಹಾಸ್ಟೆಲ್ ಇತ್ತು. ಆತ ಒಂದು ಕಾಲಕ್ಕೆ ಆ ಊರಿನ ಮೇಯರ್, ಆಮೇಲೆ ಸೆನೆಟರ್. 1920ರ ಚುನಾವಣೆಯಲ್ಲಿ ಕ್ಯಾಲಿಫೋರ್ನಿಯಾ ಬಿಳಿಯರದ್ದಾಗಿಯೇ ಉಳಿಯಲಿ ಎಂಬ ಘೋಷಣೆ ಇಟ್ಟುಕೊಂಡು ನಿಂತು ಸೋತವನು. ವಿದ್ಯಾರ್ಥಿಗಳು ಒತ್ತಾಯ ಮಾಡಿದ ಮೇಲೆ 2017ರಲ್ಲಿ ಕಾಲೇಜು ಆ ಹೆಸರು ತೆಗೆದು, ಹಾಸ್ಟೆಲ್‌ಗೆ ಬರ್ಲ್ ಟೋಲರ್ ಹೆಸರಿಟ್ಟಿತು.